ಮಣ್ಣಿನ ಹುಳಿಯೂ ಗೊಬ್ಬರವೂ: ಕೃಷಿಜ್ಞಾನದ ಇತಿಹಾಸದಲ್ಲಿ ಒಂದು ಅಧ್ಯಾಯ

ಕೃಷಿಯ ಇತಿಹಾಸವನ್ನು ಬರೆಯುವವರು ಭೂಕಂದಾಯ, ಹಿಡುವಳಿಯ ಹಕ್ಕು, ನೀರಾವರಿ, ಧಾನ್ಯಗಳ ಬೆಲೆ ಇವುಗಳ ಕಡೆಗೆ ಹೆಚ್ಚಾಗಿ ಗಮನ ಹರಿಸುವುದು ವಾಡಿಕೆ. ಇವೆಲ್ಲಕ್ಕೂ ಆಧಾರವಾಗಿರುವ ಮಣ್ಣಿಗೂ ಒಂದು ಚರಿತ್ರೆಯುಂಟು. ಮಣ್ಣನ್ನು ಕುರಿತ ತಿಳಿವಿಗೂ ಒಂದು ಚರಿತ್ರೆಯುಂಟು. ಹೊಲಕ್ಕೆ ಗೊಬ್ಬರ ಹಾಕುವುದು ಒಂದು; ಹಾಕಿದ ಗೊಬ್ಬರ ಪೈರಿಗೆ ದಕ್ಕುವುದು ಇನ್ನೊಂದು. ಇವೆರಡರ ನಡುವೆ ಮಣ್ಣಿನ ಹುಳಿ ಅಥವಾ ಕ್ಷಾರಗುಣ ನಿಂತಿರುತ್ತದೆ. ಈ ಭೇದವು ಇಂದು ಕೃಷಿ ವಿದ್ಯಾರ್ಥಿಗೆ ಆರಂಭದಲ್ಲಿಯೇ ತಿಳಿಯುವ ಸಂಗತಿಯಾದರೂ, ಅದು ಸ್ಪಷ್ಟವಾಗಲು ಹತ್ತೊಂಬತ್ತನೆಯ ಶತಮಾನವೆಲ್ಲ ಬೇಕಾಯಿತು. ಆ ತಿಳಿವು ಬೆಳೆದುಬಂದ ಬಗೆಯನ್ನೂ, ಅದರಿಂದ ಇತಿಹಾಸದ ಅಭ್ಯಾಸಿಗಳು ಗ್ರಹಿಸಬಹುದಾದುದನ್ನೂ ಈ ಲೇಖನದಲ್ಲಿ ನಿರೂಪಿಸಲು ಯತ್ನಿಸಿದ್ದೇವೆ.

ಮೊದಲು ವಿಷಯದ ಸ್ವರೂಪವನ್ನು ತಿಳಿಯೋಣ. ಮಣ್ಣಿನ ಹುಳಿಯನ್ನೂ ಕ್ಷಾರವನ್ನೂ ಅಳೆಯುವ ಮಾನಕ್ಕೆ ನಮ್ಮಲ್ಲಿ ರಸಸಾರವೆಂದು ಹೆಸರು, ಪಿ.ಎಚ್. ಎಂಬುದು ಇದರ ಸಂಕೇತ. ಸಾಮಾನ್ಯವಾಗಿ ೦ಯಿಂದ ೧೪ರವರೆಗೆ ಎಣಿಸುವ ಈ ಮಾನದಲ್ಲಿ ೭ ಎಂಬುದು ತಟಸ್ಥ ಸ್ಥಾನ. ಅದರಿಂದ ಕೆಳಗೆ ಹುಳಿ, ಮೇಲೆ ಕ್ಷಾರ. ಒಂದು ಮೆಟ್ಟಿಲು ಇಳಿದರೆ ಹುಳಿಯು ಹತ್ತು ಪಟ್ಟು ಹೆಚ್ಚುತ್ತದೆ. ಆದುದರಿಂದ ರಸಸಾರ ೫ ಇರುವ ಮಣ್ಣು ೬ ಇರುವ ಮಣ್ಣಿಗಿಂತ ಅಲ್ಪಸ್ವಲ್ಪ ಹುಳಿಯಲ್ಲ, ಹತ್ತು ಪಟ್ಟು ಹುಳಿ. ರಸಸಾರವು ಸುಮಾರು ೫.೫ಕ್ಕಿಂತ ಕೆಳಗಿಳಿದಾಗ ಮಣ್ಣಿನಲ್ಲಿರುವ ಅಲ್ಯೂಮಿನಿಯಂ ಕರಗಿ ಬೇರುಗಳಿಗೆ ವಿಷವಾಗುತ್ತದೆ. ರಂಜಕವು ಕಬ್ಬಿಣ ಮತ್ತು ಅಲ್ಯೂಮಿನಿಯಂಗಳೊಡನೆ ಬೆಸೆದುಕೊಂಡು ಸಸ್ಯಕ್ಕೆ ದೊರೆಯದಂತಾಗುತ್ತದೆ. ಕ್ಷಾರ ಹೆಚ್ಚಿದರೆ ಕಬ್ಬಿಣ, ಸತು, ಮ್ಯಾಂಗನೀಸುಗಳು ಮಣ್ಣಿನಲ್ಲಿದ್ದೂ ಇಲ್ಲದಂತಾಗಿ ಎಳೆಯ ಎಲೆಗಳು ಹಳದಿಯಾಗುತ್ತವೆ. ಬಹುತೇಕ ಬೆಳೆಗಳಿಗೆ ೬ರಿಂದ ೭ರ ಆಸುಪಾಸು ಹಿತಕರ. ಕಣಜ ತುಂಬಿದ್ದರೂ ಬಾಗಿಲಿಗೆ ಬೀಗ ಬಿದ್ದಿದ್ದರೆ ಮನೆಯವರು ಉಪವಾಸವಿರಬೇಕಾಗುವುದಷ್ಟೆ. ಹುಳಿ ಮಣ್ಣಿನಲ್ಲಿ ಪೈರಿನ ಸ್ಥಿತಿಯೂ ಅಂತಹುದೇ.

ಈ ಕಾರಣಗಳನ್ನು ಅರಿಯದಿದ್ದ ಕಾಲದಲ್ಲಿಯೂ ಪರಿಹಾರವನ್ನು ಕೃಷಿಕರು ಕಂಡುಕೊಂಡಿದ್ದರು. ಗಾಲ್ ಮತ್ತು ಬ್ರಿಟನ್ ದೇಶಗಳ ಜನರು ನೆಲದಾಳದಿಂದ ಸುಣ್ಣಮಣ್ಣನ್ನು ಅಗೆದು ಹೊಲಗಳಿಗೆ ಹರಡುತ್ತಿದ್ದುದನ್ನು ಕ್ರಿ. ಶ. ಒಂದನೆಯ ಶತಮಾನದ ರೋಮನ್ ಗ್ರಂಥಕಾರ ಪ್ಲಿನಿ ವರ್ಣಿಸಿದ್ದಾನೆ. ಅದರ ಒಂದು ಬಗೆಯ ಗುಣವು ಎಂಬತ್ತು ವರ್ಷ ನಿಲ್ಲುವುದೆಂದೂ ಆತ ಹೇಳುತ್ತಾನೆ. ಆದರೆ ಇದಕ್ಕೆ ಇನ್ನೊಂದು ಮುಖವೂ ಇದ್ದಿತು. ಸುಣ್ಣವು ತಂದೆಯನ್ನು ಸಿರಿವಂತನನ್ನಾಗಿಯೂ ಮಗನನ್ನು ಬಡವನನ್ನಾಗಿಯೂ ಮಾಡುವುದೆಂಬ ಅರ್ಥದ ಗಾದೆ ಯೂರೋಪಿನ ಹಳ್ಳಿಗಳಲ್ಲಿ ಪ್ರಚಲಿತವಾಗಿದ್ದಿತು. ಸುಣ್ಣವು ಹುಳಿಯನ್ನು ನೀಗಿ, ಮಣ್ಣಿನಲ್ಲಿ ಸೆರೆಯಾಗಿದ್ದ ಪೋಷಕಾಂಶಗಳನ್ನು ಬಿಡಿಸುತ್ತದೆ. ಕೆಲವು ವರ್ಷ ಫಸಲು ಹುಲುಸಾಗುತ್ತದೆ. ತೆಗೆದುದಕ್ಕೆ ಬದಲಾಗಿ ಗೊಬ್ಬರವನ್ನು ಹಾಕದಿದ್ದರೆ ನೆಲ ಬರಿದಾಗುತ್ತದೆ. ಬೀಗವನ್ನು ತೆರೆದವನು ಕಣಜವನ್ನು ತುಂಬಿಸುವ ಹೊಣೆಯನ್ನು ಮರೆತರೆ ಆಗುವ ಫಲವಿದು.

ಹುಳಿಯನ್ನೇ ಕಾರಣವೆಂದು ತರ್ಕಬದ್ಧವಾಗಿ ಮಂಡಿಸಿದವರಲ್ಲಿ ಅಮೆರಿಕದ ವರ್ಜೀನಿಯಾ ಪ್ರಾಂತದ ಎಡ್ಮಂಡ್ ರಫಿನ್ ಪ್ರಮುಖನು. ಹಂಫ್ರಿ ಡೇವಿಯ ಕೃಷಿರಸಾಯನ ಗ್ರಂಥವನ್ನು ಓದಿದ್ದ ರಫಿನ್ ತನ್ನ ಸವೆದ ಹೊಲಗಳ ಮಣ್ಣನ್ನು ಆಮ್ಲದಿಂದ ಪರೀಕ್ಷಿಸಿ, ಅದರಲ್ಲಿ ಸುಣ್ಣದ ಅಂಶವೇ ಇಲ್ಲದಿರುವುದನ್ನು ಕಂಡನು. ಅಂತಹ ನೆಲದಲ್ಲಿ ಪೈನ್ ಮರಗಳೂ ಹುಳಿರಸದ ಕಳೆಗಿಡಗಳೂ ಬೆಳೆಯುತ್ತಿದ್ದುದು ಆತನ ಊಹೆಗೆ ಆಧಾರವಾಯಿತು. ೧೮೧೮ರಿಂದ ಚಿಪ್ಪುಗಳಿಂದ ಕೂಡಿದ ಸುಣ್ಣಮಣ್ಣನ್ನು ಹಾಕಿ ಯಶಸ್ಸನ್ನು ಪಡೆದು, ೧೮೩೨ರಲ್ಲಿ ತನ್ನ ವಿಚಾರಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ಹುಳಿ ನೀಗದ ನೆಲದಲ್ಲಿ ಸಗಣಿಗೊಬ್ಬರದ ಪ್ರಯೋಜನ ನಿಲ್ಲದೆಂಬುದು ಆತನ ವಾದದ ತಿರುಳು. ಆದರೆ ಆ ಸುಣ್ಣಮಣ್ಣನ್ನು ಅಗೆದು ಹೊತ್ತವರು ಆತನ ಗುಲಾಮರೆಂಬುದನ್ನೂ, ರಫಿನ್ ಗುಲಾಮಗಿರಿಯ ಕಟ್ಟಾ ಸಮರ್ಥಕನಾಗಿದ್ದನೆಂಬುದನ್ನೂ ಇತಿಹಾಸಕಾರನು ಮರೆಯಲಾಗದು. ಸವೆದ ನೆಲದ ಉದ್ಧಾರವು ಆತನ ದೃಷ್ಟಿಯಲ್ಲಿ ಆ ವ್ಯವಸ್ಥೆಯನ್ನು ಉಳಿಸಿಕೊಳ್ಳುವ ಉಪಾಯವೂ ಆಗಿದ್ದಿತು.

ಇದೇ ಕಾಲದಲ್ಲಿ ಯೂರೋಪಿನ ವಿಜ್ಞಾನಿಗಳ ಲಕ್ಷ್ಯವು ಪೋಷಕಾಂಶಗಳ ಕಡೆಗೆ ಹರಿದಿದ್ದಿತು. ಅತ್ಯಂತ ಕೊರತೆಯಾಗಿರುವ ಅಂಶವೇ ಬೆಳೆಯ ಮಿತಿಯನ್ನು ನಿರ್ಧರಿಸುವುದೆಂಬ ತತ್ತ್ವವನ್ನು ಜರ್ಮನಿಯ ಕಾರ್ಲ್ ಸ್ಪ್ರೆಂಗೆಲ್ ೧೮೨೮ರಲ್ಲಿ ಸೂಚಿಸಿದರು. ೧೮೪೦ರಲ್ಲಿ ಗ್ರಂಥವನ್ನು ಪ್ರಕಟಿಸಿದ ಲೀಬಿಗ್ ಸಸ್ಯಗಳ ಖನಿಜಪೋಷಣೆಯ ವಿಚಾರವನ್ನು ಲೋಕಪ್ರಸಿದ್ಧಗೊಳಿಸಿದರು. ಇಂಗ್ಲೆಂಡಿನ ಜಾನ್ ಬೆನೆಟ್ ಲಾಸ್ ೧೮೪೨ರಲ್ಲಿ ಸೂಪರ್ ಫಾಸ್ಫೇಟ್ ತಯಾರಿಕೆಗೆ ಏಕಸ್ವಾಮ್ಯದ ಹಕ್ಕನ್ನು ಪಡೆದು, ಮರುವರ್ಷ ಗಿಲ್ಬರ್ಟ್ ಅವರೊಡನೆ ರಾಥಮ್‌ಸ್ಟೆಡ್‌ನಲ್ಲಿ ದೀರ್ಘಾವಧಿಯ ಪ್ರಯೋಗಗಳನ್ನು ಆರಂಭಿಸಿದರು. ಯಾವ ಅಂಶ ಕಡಿಮೆಯೋ ಅದನ್ನು ಚೀಲದಿಂದ ಸುರಿದರೆ ಸಾಕೆಂಬ ನಂಬಿಕೆ ಬಲವಾಯಿತು.

ಆ ನಂಬಿಕೆಯನ್ನು ಅಲುಗಿಸಿದ ಪ್ರಯೋಗದೊಡನೆ ನಮ್ಮ ದೇಶಕ್ಕೂ ಸಂಬಂಧವಿರುವ ಒಬ್ಬರ ಹೆಸರು ಸೇರಿಕೊಂಡಿದೆ. ಇಂಗ್ಲೆಂಡಿನ ರಾಯಲ್ ಕೃಷಿಸಂಘದ ರಸಾಯನ ಸಲಹೆಗಾರರಾಗಿದ್ದ ಜಾನ್ ಆಗಸ್ಟಸ್ ವೋಲ್ಕರ್ ಅವರನ್ನು ಭಾರತದ ಕೃಷಿಯ ಸುಧಾರಣೆಗೆ ಸಲಹೆ ನೀಡಲೆಂದು ೧೮೮೯ರಲ್ಲಿ ಇಲ್ಲಿಗೆ ಕಳುಹಿಸಲಾಯಿತು. ೧೮೯೩ರಲ್ಲಿ ಪ್ರಕಟವಾದ ಅವರ ವರದಿಯು ಭಾರತೀಯ ರೈತನು ಅಜ್ಞಾನಿಯೆಂಬ ಅಂದಿನ ಅಭಿಪ್ರಾಯವನ್ನು ಒಪ್ಪಲಿಲ್ಲ. ಇಲ್ಲಿನ ರೈತನು ಸಾಮಾನ್ಯ ಬ್ರಿಟಿಷ್ ರೈತನಿಗೆ ಸರಿಸಮನು, ಕೆಲವು ವಿಷಯಗಳಲ್ಲಿ ಮಿಗಿಲಾದವನು ಎಂದೇ ಅವರು ತೀರ್ಮಾನಿಸಿದರು. ಕೊರತೆಯಿರುವುದು ಅನುಕೂಲತೆಗಳದು, ಮುಖ್ಯವಾಗಿ ಗೊಬ್ಬರದ್ದು. ಸೌದೆ ಸಿಗದೆ ಸಗಣಿಯನ್ನು ಬೆರಣಿ ತಟ್ಟಿ ಉರಿಸುವುದರಿಂದ ಹೊಲಕ್ಕೆ ಸಲ್ಲಬೇಕಾದುದು ಒಲೆಗೆ ಸಲ್ಲುತ್ತಿದೆ ಎಂಬುದು ಅವರ ವಿವೇಚನೆ.

ಇತ್ತ ಅವರದೇ ಮೇಲ್ವಿಚಾರಣೆಯಲ್ಲಿದ್ದ ವೋಬರ್ನ್ ಕ್ಷೇತ್ರದಲ್ಲಿ ಗೊಬ್ಬರಕ್ಕೆ ಯಾವ ಕೊರತೆಯೂ ಇರಲಿಲ್ಲ. ೧೮೭೬ರಲ್ಲಿ ಸ್ಥಾಪಿತವಾದ ಆ ಕ್ಷೇತ್ರದ ಮರಳುಮಿಶ್ರಿತ ಮಣ್ಣಿನಲ್ಲಿ ಬಾರ್ಲಿಯನ್ನು ವರ್ಷವರ್ಷವೂ ಬೆಳೆದು, ಕೆಲವು ತುಂಡುಗಳಿಗೆ ಅಮೋನಿಯಂ ಲವಣಗಳನ್ನೂ ಕೆಲವಕ್ಕೆ ಸೋಡಿಯಂ ನೈಟ್ರೇಟನ್ನೂ ಹಾಕುತ್ತಿದ್ದರು. ಸುಮಾರು ಇಪ್ಪತ್ತು ವರ್ಷಗಳಾಗುವ ವೇಳೆಗೆ ಅಮೋನಿಯಂ ಲವಣ ಪಡೆದ ತುಂಡುಗಳಲ್ಲಿ ಬೆಳೆಯೇ ನಿಲ್ಲದಾಯಿತು. ನೈಟ್ರೇಟ್ ಪಡೆದವು ಹಾಗೆ ಕೆಡಲಿಲ್ಲ. ಎರಡಕ್ಕೂ ಸಾರಜನಕವೇನೋ ದೊರೆತಿದ್ದಿತು. ೧೮೯೦ರ ದಶಕದ ಕೊನೆಯಲ್ಲಿ ಕೆಟ್ಟ ತುಂಡುಗಳ ಒಂದು ಭಾಗಕ್ಕೆ ಸುಣ್ಣವನ್ನು ಹಾಕಿ ನೋಡಲಾಗಿ ಬಾರ್ಲಿ ಮತ್ತೆ ಚಿಗುರಿತು. ಗೊಬ್ಬರವೇ ಮಣ್ಣನ್ನು ಹುಳಿಮಾಡಿದ್ದಿತು.

ಇದರ ಕ್ರಮ ಹೀಗೆ: ಅಮೋನಿಯಂ ರೂಪದ ಸಾರಜನಕವನ್ನು ಮಣ್ಣಿನ ಸೂಕ್ಷ್ಮಜೀವಿಗಳು ನೈಟ್ರೇಟ್ ಆಗಿ ಮಾರ್ಪಡಿಸುವಾಗ ಜಲಜನಕದ ಅಯಾನುಗಳು ಬಿಡುಗಡೆಯಾಗುತ್ತವೆ. ಇವೇ ಹುಳಿಗೆ ಮೂಲ. ಇವು ಜೇಡಿಕಣಗಳಿಗೆ ಅಂಟಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಸ್ಥಾನಪಲ್ಲಟಗೊಳಿಸುತ್ತವೆ. ಹಾಗೆ ಸಡಿಲವಾದುವನ್ನು ಮಳೆ ಕೊಚ್ಚಿಕೊಂಡು ಹೋಗುತ್ತದೆ. ಜೇಡಿ ಮತ್ತು ಜೈವಿಕ ಅಂಶ ಹೆಚ್ಚಿರುವ ನೆಲ ಈ ಆಘಾತವನ್ನು ಬಹುಕಾಲ ತಾಳಬಲ್ಲದು, ಮರಳುನೆಲ ತಾಳಲಾರದು. ೧೮೫೬ರಲ್ಲಿ ರಾಥಮ್‌ಸ್ಟೆಡ್‌ನ ಹುಲ್ಲುಗಾವಲಿನಲ್ಲಿ ಆರಂಭವಾದ ಪ್ರಯೋಗವೂ ಇದಕ್ಕೆ ಸಾಕ್ಷಿ. ಅಲ್ಲಿ ಅಮೋನಿಯಂ ಸಲ್ಫೇಟ್ ಪಡೆದು ಸುಣ್ಣವನ್ನು ಕಾಣದ ತುಂಡುಗಳ ರಸಸಾರ ೪ಕ್ಕಿಂತ ಕೆಳಗಿಳಿದು, ಗೊಬ್ಬರವಿಲ್ಲದ ತುಂಡುಗಳಲ್ಲಿ ಮೂವತ್ತಕ್ಕೂ ಹೆಚ್ಚು ಜಾತಿಯ ಸಸ್ಯಗಳಿರುವಲ್ಲಿ, ಎರಡು ಮೂರು ಜಾತಿಗಳಷ್ಟೇ ಉಳಿದುವು.

ಗಮನಾರ್ಹವಾದ ಸಂಗತಿಯೆಂದರೆ, ವೋಬರ್ನಿನಲ್ಲಿ ಸುಣ್ಣ ಹಾಕಿದಾಗ ರಸಸಾರವೆಂಬ ಅಳತೆಯೇ ಇನ್ನೂ ಹುಟ್ಟಿರಲಿಲ್ಲ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಸೋರೆನ್ಸೆನ್ ೧೯೦೯ರಲ್ಲಿ ಇದನ್ನು ರೂಪಿಸಿದುದು ಕಿಣ್ವಗಳ ಅಧ್ಯಯನಕ್ಕಾಗಿ. ಆ ಪ್ರಯೋಗಶಾಲೆ ಬಿಯರ್ ತಯಾರಿಸುವ ಸಂಸ್ಥೆಯೊಂದಕ್ಕೆ ಸೇರಿದುದು. ೧೯೩೪ರಲ್ಲಿ ಆರ್ನಲ್ಡ್ ಬೆಕ್‌ಮನ್ ಕ್ಯಾಲಿಫೋರ್ನಿಯಾದಲ್ಲಿ ತಯಾರಿಸಿದ ಮಾಪಕವು ನಿಂಬೆರಸದ ಹುಳಿಯನ್ನು ಅಳೆಯುವ ಉದ್ದೇಶದಿಂದ ಹುಟ್ಟಿತು. ಮಣ್ಣಿನ ವಿಜ್ಞಾನವು ತನಗೆ ಬೇಕಾದ ಅಳತೆಗೋಲನ್ನು ಪರರ ಮನೆಯಿಂದ ಪಡೆದುಕೊಂಡಿತು.

ನಮ್ಮ ನಾಡಿನಲ್ಲಿ ಈ ವಿಷಯದ ಎರಡು ತುದಿಗಳೂ ಇವೆ. ಅತಿವೃಷ್ಟಿಯ ಕರಾವಳಿ ಮತ್ತು ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಹುಳಿಯಾದುದು. ಅಲ್ಲಿನ ಕಾಫಿ ತೋಟಗಳಲ್ಲಿ ಸುಣ್ಣ ಹಾಕುವುದು ರೂಢಿ. ಬಯಲುಸೀಮೆಯ ಉತ್ತರಭಾಗದ ಕಪ್ಪುಮಣ್ಣು ಸುಣ್ಣದಿಂದ ಕೂಡಿ ಕ್ಷಾರದ ಕಡೆಗೆ ವಾಲಿದೆ. ಅಲ್ಲಿ ಸುಣ್ಣವೇ ಅಪಕಾರಿ. ಒಂದೆಡೆಯ ಮದ್ದು ಇನ್ನೊಂದೆಡೆಗೆ ರೋಗವಾಗುವುದಕ್ಕೆ ಇದು ನಿದರ್ಶನ. ೨೦೧೫ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ ಯೋಜನೆಯಲ್ಲಿ ಪರೀಕ್ಷಿಸುವ ಹನ್ನೆರಡು ಅಂಶಗಳಲ್ಲಿ ರಸಸಾರವೂ ಒಂದು. ಮನೆಯಂಗಳದ ಕುಂಡಗಳಲ್ಲಿ ಗಿಡ ಬೆಳೆಸುವವರಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಕುಂಡದಲ್ಲಿ ಮಣ್ಣು ಅಲ್ಪವಾದುದರಿಂದ ಆಘಾತವನ್ನು ತಾಳುವ ಶಕ್ತಿಯೂ ಅಲ್ಪ. ಗಡಸು ನೀರನ್ನು ಎರೆಯುತ್ತಿದ್ದರೆ ರಸಸಾರ ಮೆಲ್ಲನೆ ಏರುತ್ತದೆ, ಅಮೋನಿಯಂ ಗೊಬ್ಬರ ಹೆಚ್ಚಾದರೆ ಇಳಿಯುತ್ತದೆ. ಎಲೆ ಹಳದಿಯಾದೊಡನೆ ಮತ್ತಷ್ಟು ಗೊಬ್ಬರ ಸುರಿಯುವುದಕ್ಕೆ ಮುನ್ನ ರಸಸಾರವನ್ನು ಪರೀಕ್ಷಿಸುವುದು ಯುಕ್ತ. ಸುಣ್ಣವನ್ನು ನಾಟಿಗೆ ಕೆಲವು ವಾರ ಮೊದಲೇ ಬೆರೆಸಬೇಕು. ಅಮೋನಿಯಂ ಗೊಬ್ಬರದೊಡನೆ ಒಟ್ಟಿಗೆ ಹಾಕಿದರೆ ಸಾರಜನಕ ಗಾಳಿಗೆ ಹೋಗುತ್ತದೆ. ಎಷ್ಟು ಸುಣ್ಣವೆಂಬುದನ್ನು ರಸಸಾರವೊಂದೇ ಹೇಳಲಾರದು; ಜೇಡಿಯ ಪ್ರಮಾಣವನ್ನೂ ಪರಿಗಣಿಸಬೇಕು.

ಈ ವಿವೇಚನೆಯಿಂದ ಇತಿಹಾಸದ ವಿದ್ಯಾರ್ಥಿಗಳಿಗೆ ಎರಡು ಸಂಗತಿಗಳು ವೇದ್ಯವಾಗುತ್ತವೆ. ಪ್ಲಿನಿಯ ಕಾಲದ ರೈತನಾಗಲಿ ರಫಿನ್ ಆಗಲಿ ರಸಸಾರವನ್ನು ಅರಿತಿದ್ದರೆಂದು ಹೇಳುವುದು ಕಾಲವಿಪರ್ಯಾಸ. ಅವರು ಅರಿತಿದ್ದುದು ಫಲವನ್ನು, ಕಾರಣವನ್ನಲ್ಲ. ಎರಡನೆಯದಾಗಿ, ಇಳುವರಿ ಕುಗ್ಗಿದುದನ್ನು ದಾಖಲೆಗಳಲ್ಲಿ ಕಂಡಾಗಲೆಲ್ಲ ರೈತನ ಸೋಮಾರಿತನವನ್ನೋ ಅಜ್ಞಾನವನ್ನೋ ಕಾರಣವಾಗಿ ಎಣಿಸುವುದು ದುಡುಕು. ಗೊಬ್ಬರವೂ ವಿದ್ಯೆಯೂ ಧಾರಾಳವಾಗಿದ್ದ ವೋಬರ್ನಿನಲ್ಲಿಯೇ ಬೆಳೆ ನಾಶವಾಯಿತು. ಕೊಟ್ಟುದೆಷ್ಟು ಎಂಬುದರ ಜೊತೆಗೆ ದಕ್ಕಿದುದೆಷ್ಟು ಎಂದೂ ಕೇಳುವುದನ್ನು ಹೊಲದ ವಿಷಯದಲ್ಲಿ ವಿಜ್ಞಾನವು ತಡವಾಗಿ ಕಲಿತಿತು. ಕೃಷಿಯ ಇತಿಹಾಸವನ್ನು ಬರೆಯುವ ನಾವೂ ಅದನ್ನು ಕಲಿಯಬೇಕಾಗಿದೆ.