ಎಳೆಬಿಸಿಲು ಮತ್ತು ವಿಟಮಿನ್ ಡಿ: ನಂಬಿಕೆ ಏನು, ನಿಜ ಏನು

ಎಳೆಬಿಸಿಲಿನಲ್ಲೇ ವಿಟಮಿನ್ ಡಿ ಇರುವುದು ಎಂಬ ನಂಬಿಕೆ ಶಿರಾ ತಾಲ್ಲೂಕಿನ ಹುಲಿಕುಂಟೆ ಹೋಬಳಿಯಲ್ಲಾಗಲಿ, ಮಧುಗಿರಿ, ಕೊರಟಗೆರೆ, ಪಾವಗಡದ ಊರುಗಳಲ್ಲಾಗಲಿ ಇನ್ನೂ ಗಟ್ಟಿಯಾಗಿದೆ. ಪುಷ್ಯಮಾಸದ ಚಳಿಗೆ ಕಂಬಳಿ ಹೊದ್ದು, ಹೊತ್ತು ಮೂಡುತ್ತಲೇ ಜಗಲಿಯಲ್ಲಿ ಬಿಸಿಲು ಕಾಯಿಸುತ್ತಾರೆ. ಎಣ್ಣೆ ಹಚ್ಚಿದ ಹಸುಗೂಸನ್ನು ಏಳೂವರೆಯ ಬಿಸಿಲಿಗೆ ಹಿಡಿಯುತ್ತಾರೆ. ಬಿಸಿಲೇರುವ ಹೊತ್ತಿಗೆ ಎಲ್ಲರೂ ನೆರಳು ಸೇರುತ್ತಾರೆ. ಚಳಿ ಬಿಡಿಸಲು ಎಳೆಬಿಸಿಲು ಒಳ್ಳೆಯದೇ. ರಾತ್ರಿ ಹೊತ್ತಿಗೆ ಸರಿಯಾಗಿ ನಿದ್ದೆ ಬರುವುದಕ್ಕೂ ಬೆಳಗಿನ ಬೆಳಕು ನೆರವಾಗುತ್ತದೆ. ಆದರೆ ಅದರಿಂದ ಚರ್ಮದಲ್ಲಿ ತಯಾರಾಗುವ ವಿಟಮಿನ್ ಡಿ ಹೆಚ್ಚುಕಡಿಮೆ ಸೊನ್ನೆ.

ಬಿಸಿಲಿನೊಳಗೆ ವಿಟಮಿನ್ ಡಿ ಇರುವುದಿಲ್ಲ. ಅದನ್ನು ತಯಾರಿಸುವುದು ಚರ್ಮ. ಚರ್ಮದಲ್ಲಿರುವ ಕೊಲೆಸ್ಟರಾಲ್ ಜಾತಿಯ ಒಂದು ವಸ್ತುವಿಗೆ 290ರಿಂದ 315 ನ್ಯಾನೋಮೀಟರ್ ಅಲೆಯುದ್ದದ ನೇರಳಾತೀತ ಬಿ ಕಿರಣ ತಾಗಿದಾಗ ಈ ಕೆಲಸ ಶುರುವಾಗುತ್ತದೆ. ಈ ಕಿರಣಗಳನ್ನು ವಾತಾವರಣದ ಓಝೋನ್ ಪದರ ಹೀರಿಕೊಳ್ಳುತ್ತದೆ. ಸೂರ್ಯ ನೆತ್ತಿಯ ಕಡೆಗಿದ್ದಾಗ ಬೆಳಕು ಆ ಪದರವನ್ನು ನೇರವಾಗಿ ದಾಟುವುದರಿಂದ ಒಂದಿಷ್ಟು ಕಿರಣ ಉಳಿದು ನೆಲ ಮುಟ್ಟುತ್ತದೆ. ಸೂರ್ಯ ದಿಗಂತದ ಬಳಿಯಿದ್ದಾಗ ಬೆಳಕು ಅದೇ ಪದರದಲ್ಲಿ ಓರೆಯಾಗಿ, ಹಲವು ಪಟ್ಟು ದೂರ ಸಾಗಬೇಕು. ಅಷ್ಟರಲ್ಲಿ ಬೇಕಾದ ಕಿರಣವೆಲ್ಲ ಸೋಸಿಹೋಗುತ್ತದೆ. ಎಳೆಬಿಸಿಲು ಮೈಗೆ ಹಿತವಾಗಿರುವುದಕ್ಕೂ ಅದರಲ್ಲಿ ವಿಟಮಿನ್ ಹುಟ್ಟದಿರುವುದಕ್ಕೂ ಕಾರಣ ಒಂದೇ.

ಇದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಕಿಲ್ಲ, ನೆರಳು ಸಾಕು. ನೆರಳು ಆಳಿಗಿಂತ ಗಿಡ್ಡವಾಗಿದ್ದರೆ ಕಿರಣ ಸಾಕಷ್ಟಿದೆ. ನೆರಳು ಉದ್ದವಾದಷ್ಟೂ ಕಿರಣ ಕಡಿಮೆ. ಮಧುಗಿರಿಯ ಅಕ್ಷಾಂಶದಲ್ಲಿ, ಡಿಸೆಂಬರ್ ಕೊನೆಯ ದಿನಗಳಲ್ಲಿ, ಐದಡಿ ಎತ್ತರದ ಹೆಂಗಸಿನ ನೆರಳು ಬೆಳಗ್ಗೆ ಏಳೂವರೆಗೆ 25 ಅಡಿಗಿಂತ ಉದ್ದ ಬೀಳುತ್ತದೆ. ಎಂಟು ಗಂಟೆಗೆ ಅದು ಸುಮಾರು 17 ಅಡಿ. ನೆರಳು ಅವಳಷ್ಟೇ ಆಗುವುದು ಸುಮಾರು 10.40ಕ್ಕೆ. ಮಧ್ಯಾಹ್ನ 12.20ರ ಹೊತ್ತಿಗೆ ನಾಲ್ಕಡಿಗೂ ಕಡಿಮೆ. ಎರಡು ಗಂಟೆ ದಾಟಿತೆಂದರೆ ನೆರಳು ಮತ್ತೆ ಆಳನ್ನು ಮೀರುತ್ತದೆ. ಚಳಿಗಾಲದಲ್ಲಿ ಈ ಸೀಮೆಗೆ ಸಿಗುವ ಒಳ್ಳೆಯ ಹೊತ್ತು ಇದೇ, ಹನ್ನೊಂದರಿಂದ ಎರಡರವರೆಗೆ. ಹೆಚ್ಚುಕಡಿಮೆ ಇದೇ ಅಕ್ಷಾಂಶದ ತಿರುಪತಿಯಲ್ಲಿ ಸಂಶೋಧಕರು ಚರ್ಮದ ಆ ಮೂಲವಸ್ತುವನ್ನೇ ಪುಟ್ಟ ಕೊಳವೆಗಳಲ್ಲಿ ತುಂಬಿ, ಬೆಳಗಿನಿಂದ ಸಂಜೆವರೆಗೆ ಬಿಸಿಲಿಗಿಟ್ಟು ನೋಡಿದರು. ಪರಿವರ್ತನೆ ಅತಿ ಹೆಚ್ಚು ಕಂಡದ್ದು ಹನ್ನೊಂದರಿಂದ ಎರಡರ ನಡುವೆಯೇ.

ಹಾಗೆ ನೋಡಿದರೆ ಈ ನಾಲ್ಕು ತಾಲ್ಲೂಕುಗಳಿಗೆ ಚಳಿಗಾಲ ಅನುಕೂಲದ ಕಾಲ. ಅಮೆರಿಕದ ಬೋಸ್ಟನ್ನಿನಂಥ ಊರಿನಲ್ಲಿ ನವೆಂಬರ್‌ನಿಂದ ಫೆಬ್ರವರಿವರೆಗೆ ನಡುಮಧ್ಯಾಹ್ನ ನಿಂತರೂ ಚರ್ಮದಲ್ಲಿ ವಿಟಮಿನ್ ಡಿ ಹುಟ್ಟುವುದಿಲ್ಲ. ಅಲ್ಲಿಯ ಕನ್ನಡ ಕುಟುಂಬಗಳಿಗೆ ಆಹಾರ, ಮಾತ್ರೆಗಳೇ ಗತಿ. ಬ್ರಿಟನ್ನಿನಲ್ಲಿ ಶರತ್ಕಾಲ, ಚಳಿಗಾಲಗಳಲ್ಲಿ ದಿನಕ್ಕೆ 400 ಯೂನಿಟ್ ತೆಗೆದುಕೊಳ್ಳುವಂತೆ ಸರ್ಕಾರವೇ ಹೇಳುತ್ತದೆ. ಪಾವಗಡದಲ್ಲಿ ಬಿಸಿಲಿಗೆ ಅಂಥ ಕೊರತೆಯಿಲ್ಲ. ಇಲ್ಲಿಯ ಬಿಸಿಲನ್ನು ನಂಬಿಯೇ ತಿರುಮಣಿಯ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ವಿದ್ಯುತ್ ಪಾರ್ಕ್ ಎದ್ದಿದೆ. ಏಪ್ರಿಲ್‌ನ ನಡುಹಗಲಲ್ಲಿ ಮೈಯೊಡ್ಡಿ ನಿಲ್ಲುವುದು ಅಪಾಯ. ಡಿಸೆಂಬರ್‌ನಲ್ಲಿ ಅದೇ ಹೊತ್ತು ತಡೆದುಕೊಳ್ಳುವಂತಿರುತ್ತದೆ. ಮುಖ, ತೋಳು, ಮೊಣಕಾಲ ಕೆಳಗಿನ ಭಾಗಕ್ಕೆ ಬಿಸಿಲು ಬೀಳುವಂತೆ ವಾರದಲ್ಲಿ ಮೂರು ನಾಲ್ಕು ದಿನ, ದಿನಕ್ಕೆ ಸುಮಾರು ಅರ್ಧ ಗಂಟೆ, ಚರ್ಮ ಉರಿಯುವ ಮೊದಲೇ ನೆರಳಿಗೆ ಬಂದರೆ ಹೆಚ್ಚಿನವರಿಗೆ ದೊಡ್ಡ ಪಾಲು ಸಿಕ್ಕಂತೆ. ಇಷ್ಟು ಸುಲಭದ ಹೊತ್ತನ್ನು ಬಿಟ್ಟು ಫಲವಿಲ್ಲದ ಹೊತ್ತಿಗೆ ಕಾಯುವಂತೆ ಮಾಡಿರುವುದೇ ಈ ನಂಬಿಕೆಯ ನಷ್ಟ.

ಹಸುಗೂಸಿನ ವಿಷಯದಲ್ಲಿ ನಷ್ಟ ಇನ್ನೂ ದೊಡ್ಡದು. ಎದೆಹಾಲಿನಲ್ಲಿ ವಿಟಮಿನ್ ಡಿ ಬಹಳ ಕಡಿಮೆ; ಬಾಣಂತಿ ತಿಂಗಳುಗಟ್ಟಲೆ ಕೋಣೆಯೊಳಗೇ ಇದ್ದರೆ ಇನ್ನೂ ಕಡಿಮೆ. ಆದ್ದರಿಂದಲೇ ಹುಟ್ಟಿದ ಕೆಲವೇ ದಿನಗಳಿಂದ ಒಂದು ವರ್ಷದವರೆಗೆ ದಿನಕ್ಕೆ 400 ಯೂನಿಟ್ ಹನಿ ಔಷಧಿ ಕೊಡಬೇಕೆಂದು ಮಕ್ಕಳ ವೈದ್ಯರು ಹೇಳುವುದು. ಎಳೆಬಿಸಿಲಿಗೆ ಹಿಡಿಯುತ್ತಿದ್ದೇವಲ್ಲ ಎಂದು ಹನಿ ನಿಲ್ಲಿಸಿದರೆ ಮಗುವಿಗೆ ಎರಡೂ ಇಲ್ಲ. ಕೂಸಿನ ಎಳೆಚರ್ಮಕ್ಕೆ ಮಧ್ಯಾಹ್ನದ ಬಿಸಿಲು ಕೂಡದು. ಅದಕ್ಕೆ ಹನಿಯೇ ದಾರಿ. ಕೊರತೆ ಮುಂದುವರಿದರೆ ಕಾಲಿನ ಮೂಳೆ ಬಾಗುವ ರಿಕೆಟ್ಸ್ ಬರಬಹುದು.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಕಿಟಕಿಯ ಗಾಜು ಬೆಳಕನ್ನು ಬಿಟ್ಟರೂ ನೇರಳಾತೀತ ಬಿ ಕಿರಣವನ್ನು ತಡೆಯುತ್ತದೆ, ಹಾಗಾಗಿ ಗಾಜಿನ ಹಿಂದೆ ಕೂತರೆ ಲಾಭವಿಲ್ಲ. ಮೈ ಕಪ್ಪಾದಷ್ಟೂ ಚರ್ಮದ ಮೆಲನಿನ್ ಆ ಕಿರಣವನ್ನು ಹೆಚ್ಚು ಹೀರುವುದರಿಂದ, ಬಿಸಿಲಿಗೆ ಒಗ್ಗಿದ ಕಪ್ಪು ಮೈಗೆ ಕಡಿಮೆ ಹೊತ್ತಲ್ಲ, ಹೆಚ್ಚು ಹೊತ್ತು ಬೇಕು. ಸ್ನಾನ ಮಾಡಿದರೆ ವಿಟಮಿನ್ ತೊಳೆದುಹೋಗುವುದಿಲ್ಲ, ಅದು ಹುಟ್ಟುವುದು ಚರ್ಮದ ಜೀವಕೋಶಗಳ ಒಳಗೆ. ರಾಗಿಮುದ್ದೆಯಲ್ಲಿ ಸುಣ್ಣದ ಅಂಶ ನೂರು ಗ್ರಾಂ ಹಿಟ್ಟಿಗೆ ಸುಮಾರು 350 ಮಿಲಿಗ್ರಾಂ ಇದೆ, ವಿಟಮಿನ್ ಡಿ ಇಲ್ಲ. ಅದಿಲ್ಲದೆ ರಾಗಿಯ ಸುಣ್ಣ ಮೈಗೆ ಸರಿಯಾಗಿ ಹತ್ತುವುದೂ ಇಲ್ಲ. ಬಿಸಿಲಿನ ಸೀಮೆಯವರಿಗೆ ಕೊರತೆಯೇ ಬರದು ಎಂಬುದೂ ಸುಳ್ಳು: ಹೊಲದಲ್ಲಿ ದುಡಿಯುವವರ ಮಟ್ಟ ಮೇಲಿರುತ್ತದೆ ನಿಜ, ಆದರೆ ಮನೆಯೊಳಗೆ ಕೂತು ಹೊಲಿಯುವವರಿಗೆ, ಹೊತ್ತು ಮೂಡುವ ಮೊದಲೇ ಬಸ್ಸು ಹತ್ತಿ ಕಾರ್ಖಾನೆ ಸೇರುವವರಿಗೆ ಊರಿನ ಬಿಸಿಲು ತಾಗುವುದೇ ಇಲ್ಲ.

ಔಷಧಿ ಅಂಗಡಿಯ 60,000 ಯೂನಿಟ್‌ನ ವಿಟಮಿನ್ ಡಿ ಪುಡಿಯ ಪೊಟ್ಟಣದ ಬಗೆಗಿನ ಅಸಡ್ಡೆ ಮಾತ್ರ ಗಂಡಾಂತರದ್ದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೊಡ್ಡವರಿಗೆ 2020ರಲ್ಲಿ ನಿಗದಿ ಮಾಡಿದ್ದು ದಿನಕ್ಕೆ 600 ಯೂನಿಟ್. ಅಂದರೆ ಒಂದು ಪೊಟ್ಟಣ ನೂರು ದಿನದ ಪಾಲು. ವಾರಕ್ಕೊಂದರಂತೆ ಕೆಲವು ವಾರ ಎಂದು ವೈದ್ಯರು ಬರೆದದ್ದನ್ನು ದಿನಕ್ಕೊಂದು ನುಂಗಿದರೆ ರಕ್ತದಲ್ಲಿ ಸುಣ್ಣ ಏರಿ ವಾಂತಿ, ವಿಪರೀತ ಬಾಯಾರಿಕೆ, ಮೂತ್ರಪಿಂಡಕ್ಕೆ ಹಾನಿ ಆಗಬಹುದು. ಬಿಸಿಲಿನಿಂದ ಈ ಅಪಾಯವಿಲ್ಲ, ಹೆಚ್ಚಾದದ್ದನ್ನು ಚರ್ಮವೇ ನಿಷ್ಕ್ರಿಯ ವಸ್ತುಗಳನ್ನಾಗಿ ಮಾಡಿಬಿಡುತ್ತದೆ.

ಪಾವಗಡ, ಶಿರಾ, ಮಧುಗಿರಿಯವರು ಇನ್ನೊಂದನ್ನೂ ಗಮನಿಸಬೇಕು. ಇಲ್ಲಿಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಸೊಂಟನೋವು, ಕೀಲು ಬಿಗಿತ ಅದರಿಂದಲೂ ಬರುತ್ತದೆ. ಎಲ್ಲ ಮೂಳೆನೋವಿಗೂ ವಿಟಮಿನ್ ಡಿ ಕೊರತೆಯೇ ಕಾರಣವೆಂದು ಪುಡಿ ನುಂಗುತ್ತಾ ಅದೇ ನೀರು ಕುಡಿದರೆ ರೋಗ ಬಲಿಯುತ್ತದೆ. ರಕ್ತದ ಜೊತೆಗೆ ನೀರಿನ ಪರೀಕ್ಷೆಯೂ ಆಗಬೇಕು.

ಮೊಬೈಲಿನಲ್ಲಿ ಬಂದ ಸಂದೇಶಕ್ಕೆ, ಹಿಂದಿನವರು ಮಾಡುತ್ತಿದ್ದರು ಎಂಬ ಮಾತಿಗೆ ಕೂಡಲೇ ತಲೆಯಾಡಿಸುವ ಅಭ್ಯಾಸ ಇದಕ್ಕೆಲ್ಲ ಬೇರು. ಮೂಡುವ ಸೂರ್ಯನಿಗೆ ಕೈಮುಗಿದ ಹಿರಿಯರು ವಿಟಮಿನ್ನಿನ ಲೆಕ್ಕ ಹಾಕಿ ಕೈಮುಗಿಯಲಿಲ್ಲ. ಅವರ ಭಕ್ತಿಗೆ ಆ ಲೆಕ್ಕ ಬೇಕಾಗಿಯೂ ಇರಲಿಲ್ಲ. ಮೇಲಾಗಿ ಅವರು ಇಡೀ ಹಗಲು ಹೊಲದಲ್ಲಿ, ಕುರಿಯ ಹಿಂದೆ ಬಿಸಿಲಲ್ಲೇ ಇರುತ್ತಿದ್ದರು. ಅವರಿಗೆ ವಿಟಮಿನ್ ಡಿ ದಕ್ಕುತ್ತಿದ್ದದ್ದು ಆ ನಡುಹಗಲಿನಿಂದ.