ಕಿರಿದಾದ ಮನೆ, ಮಡಚುವ ಪೀಠೋಪಕರಣ: ಮಲೆನಾಡಿನ ಮರಗೆಲಸಕ್ಕೆ ಹೊಸ ಮಾರುಕಟ್ಟೆ

ಸಾಗರ, ಹೊಸನಗರ ಹಾಗೂ ತೀರ್ಥಹಳ್ಳಿ ತಾಲ್ಲೂಕುಗಳ ಮರಗೆಲಸದ ಘಟಕಗಳು ಬಹುಕಾಲದಿಂದ ವಿಶಾಲವಾದ ಮನೆಗಳಿಗೆ ಬೇಕಾದ ಬಾಗಿಲು, ಮಂಚ, ಕಪಾಟುಗಳನ್ನು ತಯಾರಿಸುತ್ತ ಬಂದಿವೆ. ಆದರೆ ಇಂದು ಬೇಡಿಕೆ ಇರುವುದು ನಗರಗಳ ಫ್ಲ್ಯಾಟ್‌ಗಳಲ್ಲಿ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ನಗರ ಆವಾಸ್ ಯೋಜನೆಯು ಆರ್ಥಿಕವಾಗಿ ದುರ್ಬಲ ವರ್ಗದ ಮನೆಗೆ 30 ಚದರ ಮೀಟರ್ ಹಾಗೂ ಕಡಿಮೆ ಆದಾಯ ವರ್ಗದ ಮನೆಗೆ 60 ಚದರ ಮೀಟರ್ ಕಾರ್ಪೆಟ್ ವಿಸ್ತೀರ್ಣದ ಮಿತಿಯನ್ನು ನಿಗದಿಪಡಿಸಿತು. ಅಂದರೆ ಸುಮಾರು 323 ಮತ್ತು 646 ಚದರಡಿ. ಇಂತಹ ಮನೆಗೆ ನಮ್ಮ ಹಳೆಯ ಅಳತೆಯ ಸರಕು ಹೊಂದುವುದಿಲ್ಲ. ಇಲ್ಲಿ ಗ್ರಾಹಕನು ಕೊಳ್ಳುವುದು ಮರವನ್ನಷ್ಟೇ ಅಲ್ಲ, ಉಳಿತಾಯವಾಗುವ ನೆಲವನ್ನು.

ನೆಲದ ಲೆಕ್ಕ

ಎರಡು ಜನರ ಮಂಚವೊಂದು 6¼ ಅಡಿ ಉದ್ದ, 5 ಅಡಿ ಅಗಲವಿದ್ದರೆ ಸುಮಾರು 31 ಚದರಡಿಯನ್ನು ಆಕ್ರಮಿಸುತ್ತದೆ. 10 ಅಡಿ ಚೌಕದ ಕೋಣೆಯಲ್ಲಿ ಇದು ಮೂರನೆಯ ಒಂದು ಭಾಗಕ್ಕೆ ಹತ್ತಿರ. ಅದೇ ಮಂಚವನ್ನು ಹಗಲಿನಲ್ಲಿ ಗೋಡೆಗೆ ಎತ್ತಿ ನಿಲ್ಲಿಸುವಂತೆ ರಚಿಸಿ, ಪೆಟ್ಟಿಗೆಯ ಆಳವನ್ನು ಒಂದೂವರೆ ಅಡಿಗೆ ಮಿತಿಗೊಳಿಸಿದರೆ ಅದು ಹಿಡಿಯುವ ನೆಲ 7½ ಚದರಡಿ ಮಾತ್ರ. 20ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ವಿಲಿಯಂ ಮರ್ಫಿ ಇಂತಹ ಮಂಚವನ್ನೇ ಒಂದು ಉದ್ಯಮವಾಗಿ ಬೆಳೆಸಿದರು.

ಈ ವಿಚಾರ ನಮಗೆ ಹೊಸತೇನಲ್ಲ. ಮಲೆನಾಡಿನ ಮನೆಗಳ ಅಟ್ಟ, ನಾಗಂದಿಗೆ, ಗೋಡೆಗೂಡು, ಊಟವಾದೊಡನೆ ಗೋಡೆಗೆ ಒರಗುವ ಮಣೆ, ಇವೆಲ್ಲವೂ ನೆಲವನ್ನು ಬಿಟ್ಟು ಗೋಡೆ ಮತ್ತು ಎತ್ತರವನ್ನು ಬಳಸಿಕೊಂಡ ರಚನೆಗಳೇ. ಸಾಗರ, ಸೊರಬಗಳ ಗುಡಿಗಾರರ ಶ್ರೀಗಂಧದ ಕೆತ್ತನೆಯು ಸೂಕ್ಷ್ಮ ಕೆಲಸದಲ್ಲಿ ಈ ಭಾಗದ ಕೈ ಎಷ್ಟು ಪಳಗಿದೆ ಎಂಬುದಕ್ಕೆ ಸಾಕ್ಷಿ. ಆದರೆ ಈ ಮಾರುಕಟ್ಟೆಯಲ್ಲಿ ನಿಲ್ಲಲು ಮೂರು ವಿಷಯಗಳಲ್ಲಿ ಎಚ್ಚರ ಅಗತ್ಯ.

ಮೊದಲನೆಯದು ಅಳತೆ

ಮಾರಾಟಗಾರರು ಹೇಳುವ ಸೂಪರ್ ಬಿಲ್ಟ್‌ಅಪ್ ವಿಸ್ತೀರ್ಣವನ್ನು ನಂಬಿ ಸರಕು ತಯಾರಿಸಬಾರದು. ಗಿಲಾವು ಮುಗಿದ ಗೋಡೆಯಿಂದ ಗೋಡೆಗೆ ಅಳೆಯಬೇಕು. ಮೆಟ್ಟಿಲಿನ ತಿರುವು, ಲಿಫ್ಟ್ ಮತ್ತು ಬಾಗಿಲಿನ ಅಗಲವನ್ನೂ ಗುರುತಿಸಿಕೊಳ್ಳಬೇಕು. 9 ಅಡಿ ಎತ್ತರದ ಕೋಣೆಗೆ 8 ಅಡಿ 10 ಅಂಗುಲ ಎತ್ತರ, 2 ಅಡಿ ಆಳದ ಕಪಾಟನ್ನು ಇಡಿಯಾಗಿ ಒಯ್ದರೆ ಅದನ್ನು ಎತ್ತಿ ನಿಲ್ಲಿಸಲು ಬರುವುದಿಲ್ಲ. ಅದರ ಕರ್ಣದ ಅಳತೆ 9 ಅಡಿಯನ್ನು ಮೀರುವುದರಿಂದ ಮೇಲಿನ ಅಂಚು ಚಾವಣಿಗೆ ತಾಗುತ್ತದೆ. ಆದುದರಿಂದ ಮೇಲಿನ ಪೆಟ್ಟಿಗೆ ಮತ್ತು ಕೆಳಗಿನ ಕಪಾಟುಗಳನ್ನು ಬೇರೆಬೇರೆಯಾಗಿ ತಯಾರಿಸಿ ಸ್ಥಳದಲ್ಲಿ ಜೋಡಿಸುವುದು ಸೂಕ್ತ. ಬಿಡಿಬಿಡಿಯಾದ ಹಲಗೆಗಳನ್ನು ಒಂದರ ಮೇಲೊಂದು ಪೇರಿಸಬಹುದಾದ್ದರಿಂದ ಲಾರಿ ಬಾಡಿಗೆಯೂ ಉಳಿಯುತ್ತದೆ.

ಎರಡನೆಯದು ತೇವಾಂಶ

ನಮ್ಮ ಭಾಗದ ಉತ್ಪಾದಕರಿಗೆ ನಷ್ಟದ ಭಯ ಹೆಚ್ಚಿರುವುದು ಇಲ್ಲಿಯೇ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವಾರ್ಷಿಕ ಸರಾಸರಿ ಮಳೆ 7000 ಮಿ.ಮೀ. ದಾಟುತ್ತದೆ. ಮಳೆಗಾಲದ ಗಾಳಿಯಲ್ಲಿ ಇಟ್ಟ ಮರ ನೀರನ್ನು ಹೀರಿರುತ್ತದೆ. ಅದರಿಂದ ಮಾಡಿದ ಸರಕು ಬೆಂಗಳೂರಿನ ಬೇಸಿಗೆಯ ಒಣಹವೆಗೆ ಸಿಕ್ಕಾಗ ನಾರಿನ ಅಡ್ಡಕ್ಕೆ ಕುಗ್ಗುತ್ತದೆ. ಉದ್ದಕ್ಕೆ ಕುಗ್ಗುವುದು ಅತ್ಯಲ್ಪ. ಒಂದೂವರೆ ಅಡಿ ಅಗಲದ ಇಡೀ ಮರದ ಹಲಗೆಯು ಕಾಲಂಗುಲದಷ್ಟು ಕಿರಿದಾಗಬಹುದು. ಸಾಧಾರಣ ಮೇಜಿನಲ್ಲಿ ಇದು ಒಂದು ಬಿರುಕು ಮಾತ್ರ. ಮಡಚುವ ಮೇಜಿನಲ್ಲಿಯಾದರೋ ಬಿಜಾಗರಿಯೇ ಸಾಲು ತಪ್ಪುತ್ತದೆ. ಮರವನ್ನು ಚೆನ್ನಾಗಿ ಒಣಗಿಸಿ, ತೇವಾಂಶ ಮಾಪಕದಲ್ಲಿ ಶೇ. 8ರಿಂದ 12ರೊಳಗೆ ಬಂದ ನಂತರವೇ ಕತ್ತರಿಸುವುದು ಕ್ಷೇಮ. ಅಗಲವಾದ ಭಾಗಗಳಿಗೆ ಪ್ಲೈವುಡ್ ಬಳಸಿ, ಚೌಕಟ್ಟು ಹಾಗೂ ಅಂಚುಗಳಿಗೆ ಮಾತ್ರ ಮರವನ್ನು ಉಪಯೋಗಿಸಬಹುದು.

ಮೂರನೆಯದು ಚಲಿಸುವ ಭಾಗಗಳು

ಮಡಚುವ ಸರಕಿನ ಆಯುಷ್ಯವು ಅದರ ಬಿಜಾಗರಿ, ಗ್ಯಾಸ್ ಸ್ಪ್ರಿಂಗ್ ಮತ್ತು ಚಿಲಕಗಳ ಆಯುಷ್ಯವೇ ಆಗಿದೆ. ಇವುಗಳಲ್ಲಿ ಉಳಿತಾಯ ಮಾಡುವುದು ಅಪಾಯಕರ. ಗೋಡೆ ಮಂಚವನ್ನು ಕಾಂಕ್ರೀಟ್ ಅಥವಾ ಗಟ್ಟಿ ಇಟ್ಟಿಗೆಯ ಗೋಡೆಗೆ ಆ್ಯಂಕರ್ ಬೋಲ್ಟ್‌ಗಳಿಂದ ಬಿಗಿಯಬೇಕು. ಜಿಪ್ಸಂ ಹಲಗೆಯ ಅಡ್ಡಗೋಡೆಗೆ ಎಂದಿಗೂ ನೇತುಹಾಕಬಾರದು. ಮಕ್ಕಳಿರುವ ಮನೆಯಲ್ಲಿ ಮಂಚವು ತಾನಾಗಿ ಇಳಿಯದಂತೆ ಎರಡನೆಯ ಚಿಲಕವೂ ಇರಬೇಕು.

ವ್ಯಾಪಾರದ ಲೆಕ್ಕ

ಮರದ ಪೀಠೋಪಕರಣಗಳ ಮೇಲಿನ ಜಿ.ಎಸ್.ಟಿ. ಶೇ. 18, ಪೂರ್ಣವಾಗಿ ಬಿದಿರು ಅಥವಾ ಬೆತ್ತದಿಂದ ತಯಾರಿಸಿದವುಗಳಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 5 ಮಾತ್ರ. ಮಡಚುವ ಕುರ್ಚಿ, ತೂಗು ಬುಟ್ಟಿ, ಮರೆತಟ್ಟಿಗಳಂತಹ ಹಗುರ ಸರಕು ತಯಾರಿಸುವವರು ಈ ವ್ಯತ್ಯಾಸವನ್ನು ಗಮನಿಸಬೇಕು. ಸರಕು ಕೊಟ್ಟ ನಂತರ ಬಿಡಿಭಾಗ ಬದಲಿಸಲು ಬೆಂಗಳೂರಿಗೆ ಹೋಗಿಬರುವ ವೆಚ್ಚವನ್ನೂ ಮೊದಲೇ ದರದಲ್ಲಿ ಸೇರಿಸಬೇಕು. ಸಾಗರದಿಂದ ಆ ದಾರಿ ಸುಮಾರು 350 ಕಿ.ಮೀ.

ಒಂದು ಚಿಕ್ಕ ಘಟಕವು ಮರ ಒಣಗಿಸುವ ಸೀಸನಿಂಗ್ ಕೋಣೆಯನ್ನು ತಾನೊಂದೇ ಕಟ್ಟುವುದು ಕಷ್ಟ. ಐದಾರು ಘಟಕಗಳು ಕೂಡಿದರೆ ಆ ಹೊರೆ ಹಂಚಿಹೋಗುತ್ತದೆ. ಮೂರೂ ತಾಲ್ಲೂಕುಗಳ ಉತ್ಪಾದಕರು ಈ ದಿಸೆಯಲ್ಲಿ ಯೋಚಿಸುವುದು ಒಳಿತು. ಇಲ್ಲವಾದಲ್ಲಿ ಕಾರ್ಖಾನೆಗಳ ಪಾರ್ಟಿಕಲ್ ಬೋರ್ಡ್ ಸರಕು ನಗರದ ಮನೆಗಳನ್ನಷ್ಟೇ ಅಲ್ಲ, ನಮ್ಮ ಪೇಟೆಗಳನ್ನೂ ತುಂಬುತ್ತದೆ. ಕಸುಬು ಬಲ್ಲ ತರುಣರು ಅದನ್ನು ಜೋಡಿಸಿಕೊಡುವ ಕೂಲಿಗಾಗಿ ಊರು ಬಿಡಬೇಕಾಗುತ್ತದೆ.