ಇಂಜಿನ್ನಿಗೂ ಒಂದು ಟಾನಿಕ್ಕು!

ಬೆಂಗಳೂರಿನಿಂದ ತುಮಕೂರಿನ ಕಡೆಗೆ ಹೊರಟವರಿಗೆ ಪೀಣ್ಯದ ಕಾರ್ಖಾನೆಗಳ ಸಾಲು ಹಿಂದಾಗುತ್ತಿದ್ದಂತೆ ಎದುರಾಗುವ ಊರು ನಾಗಸಂದ್ರ. ಒಂದು ಕಾಲಕ್ಕೆ ಅದು ಬರಿಯ ಹಳ್ಳಿ; ಇಂದು ಅಲ್ಲಿ ತಲೆಯ ಮೇಲೆ ಮೆಟ್ರೋ ರೈಲು, ಕಣ್ಣೆದುರಿಗೆ ಹೆದ್ದಾರಿ. ಹುಬ್ಬಳ್ಳಿ, ಪುಣೆ, ಮುಂಬಯಿಗಳಿಗೆ ಸರಕು ಹೊತ್ತ ಲಾರಿಗಳು ಹಗಲಿರುಳೆನ್ನದೆ ಸಾಗುವ ದಾರಿ ಅದು. ಇಂಥ ದಾರಿಯ ಬದಿಯ ಬಿಡಿಭಾಗಗಳ ಅಂಗಡಿಗಳಲ್ಲಿ, ಆಯಿಲ್ ಡಬ್ಬಗಳ ಪಕ್ಕದಲ್ಲಿ, ಬಣ್ಣದ ಚೀಟಿ ಅಂಟಿಸಿದ ಚಿಕ್ಕ ಚಿಕ್ಕ ಸೀಸೆಗಳನ್ನು ಕಾಣಬಹುದು. ಪೆಟ್ರೋಲಿಗೆ ಒಂದು ಬಗೆ, ಡೀಸೆಲಿಗೆ ಇನ್ನೊಂದು ಬಗೆ. ಟ್ಯಾಂಕಿಗೆ ಸುರಿದರಾಯಿತು, ಇಂಜಿನ್ನಿಗೆ ಮರುಯೌವನ ಬಂದಂತೆ ಎಂಬುದು ಮಾರುವವರ ಭರವಸೆ.

ಮಗು ಸೊರಗಿದರೆ ತಾಯಿ ಟಾನಿಕ್ಕಿನ ಸೀಸೆಯನ್ನು ತರಿಸುವಂತೆ, ಗಾಡಿ ಏದುಸಿರು ಬಿಟ್ಟರೆ ಚಾಲಕನು ಈ ಸೀಸೆಗೆ ಕೈ ಹಾಕುತ್ತಾನೆ. ಅದರಲ್ಲಿ ತಪ್ಪೇನೂ ಇಲ್ಲ. ಬಾಡಿಗೆ ಗಾಡಿಯನ್ನು ನಂಬಿ ಬದುಕುವವನಿಗೆ ಲೀಟರಿಗೆ ಅರ್ಧ ಕಿಲೋಮೀಟರು ಕಡಿಮೆಯಾದರೂ ಅದು ಮನೆಯ ಅಕ್ಕಿ ಬೇಳೆಯ ಲೆಕ್ಕ. ಆದರೆ ಆ ಸೀಸೆಯಲ್ಲಿರುವುದು ಮದ್ದೋ, ಬರಿಯ ಸಮಾಧಾನವೋ?

ಸದ್ದಿನ ಮೂಲ

ಪೆಟ್ರೋಲ್ ಇಂಜಿನ್ನಿನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಪಿಸ್ಟನ್ ಒತ್ತುತ್ತದೆ. ಅನಂತರ ಸ್ಪಾರ್ಕ್ ಪ್ಲಗ್ಗಿನ ಕಿಡಿ ಅದನ್ನು ಹೊತ್ತಿಸುತ್ತದೆ. ಉರಿಯು ಒಂದು ಕಡೆಯಿಂದ ಕ್ರಮವಾಗಿ ಹರಡಬೇಕು. ಒತ್ತಡಕ್ಕೂ ಕಾವಿಗೂ ತಾಳಲಾರದೆ ಮಿಶ್ರಣದ ಒಂದು ಪಾಲು ತಾನಾಗಿಯೇ ಸಿಡಿದರೆ 'ಟಕಟಕ' ಎಂಬ ಲೋಹದ ಸದ್ದು ಕೇಳಿಸುತ್ತದೆ. ಮೆಕ್ಯಾನಿಕರು ಇದನ್ನೇ ನಾಕಿಂಗ್ ಎನ್ನುವುದು. ಈ ಅಕಾಲ ಸಿಡಿತವನ್ನು ತಡೆಯುವ ಇಂಧನದ ಶಕ್ತಿಯನ್ನು ಸೂಚಿಸುವ ಅಂಕಿಯೇ ಆಕ್ಟೇನ್.

ಡೀಸೆಲಿನ ಸ್ವಭಾವ ಇದಕ್ಕೆ ತಿರುಗುಮುರುಗು. ಅಲ್ಲಿ ಕಿಡಿಯೇ ಇಲ್ಲ. ಒತ್ತಿ ಕಾಯಿಸಿದ ಗಾಳಿಯೊಳಕ್ಕೆ ಇಂಜೆಕ್ಟರು ಡೀಸೆಲನ್ನು ಮಂಜಿನಂತೆ ಸಿಂಪಡಿಸಿದ ಕೂಡಲೇ ಅದು ತಾನಾಗಿ ಹೊತ್ತಿಕೊಳ್ಳಬೇಕು. ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂಬುದನ್ನು ಸೀಟೇನ್ ಅಂಕಿ ಹೇಳುತ್ತದೆ. ಇಂಜೆಕ್ಟರಿನ ರಂಧ್ರಗಳು ಬಲು ಸೂಕ್ಷ್ಮ. ಅಲ್ಲಿ ಮಸಿ ಕಟ್ಟಿದರೆ ಸಿಂಪರಣೆ ಕೆಟ್ಟು, ಹೊಗೆ ಹೆಚ್ಚಿ, ಎಳೆತ ಕುಗ್ಗುತ್ತದೆ.

ಆದುದರಿಂದ ಆಕ್ಟೇನ್ ಅಥವಾ ಸೀಟೇನ್ ಏರಿಸುವುದು, ಮಸಿ ತೊಳೆಯುವುದು, ತುಕ್ಕು ತಡೆಯುವುದು, ಜಾರುಗುಣ ಕೊಡುವುದು, ಇವೇ ಈ ದ್ರವಗಳ ಕೆಲಸ. ಕೆಲಸ ಸುಳ್ಳಲ್ಲ. ಆದರೆ ಅದರ ಬಹುಪಾಲು ಇಂಧನವು ಬಂಕಿಗೆ ಬರುವ ಮುನ್ನವೇ ಮುಗಿದಿರುತ್ತದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದಂತೆ ಡೀಸೆಲಿನ ಗಂಧಕವನ್ನು ಹತ್ತು ಲಕ್ಷ ಪಾಲಿಗೆ 50 ಪಾಲಿನಿಂದ 10ಕ್ಕೆ ಇಳಿಸಲಾಯಿತು. ಗಂಧಕ ತೆಗೆಯುವ ಸಂಸ್ಕರಣದಲ್ಲಿ ಡೀಸೆಲಿನ ಸಹಜ ಜಾರುಗುಣವೂ ಕುಗ್ಗುವುದರಿಂದ, ಆ ಕೊರತೆಯನ್ನು ಮಾರಾಟಕ್ಕೆ ಮೊದಲೇ ತುಂಬಿಕೊಡಬೇಕಾಗುತ್ತದೆ.

ಸೀಸದ ಪಾಠ

ಇಂಧನಕ್ಕೆ ಬೆರೆಸಿದ ಮದ್ದುಗಳ ಪೈಕಿ ಜಗತ್ಪ್ರಸಿದ್ಧವಾದುದು ಟೆಟ್ರಾಈಥೈಲ್ ಸೀಸ. 1921ರ ಡಿಸೆಂಬರಿನಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಥಾಮಸ್ ಮಿಡ್ಜ್ಲಿ ಅದರ ಗುಣವನ್ನು ಕಂಡುಹಿಡಿದನು. ತೀರ ಅಲ್ಪ ಪ್ರಮಾಣದಲ್ಲಿ ಬೆರೆಸಿದರೂ ನಾಕಿಂಗ್ ಮಾಯ! 1923ರಲ್ಲಿ ಅದು ಮಾರಾಟಕ್ಕೆ ಬಂದಿತು. ಮರುವರ್ಷವೇ ನ್ಯೂಜೆರ್ಸಿಯ ತಯಾರಿಕಾ ಘಟಕದಲ್ಲಿ ಕೆಲಸಗಾರರು ವಿಷವೇರಿ ಸತ್ತರು. ಆದರೂ ಸೀಸದ ಪೆಟ್ರೋಲು ಲೋಕವನ್ನೆಲ್ಲ ಸುತ್ತಿತು; ಅದರ ಹೊಗೆ ಬೀದಿಯ ಧೂಳಿನಲ್ಲಿ ಬೆರೆತು ಮಕ್ಕಳ ರಕ್ತವನ್ನು ಸೇರಿತು. ಬೆಳೆಯುವ ಮೆದುಳಿಗೆ ಸೀಸ ಕಡುವೈರಿ.

1999ರ ಫೆಬ್ರವರಿಯಲ್ಲಿ ಸೀಸದ ವಿಷವನ್ನು ಕುರಿತ ಅಂತರರಾಷ್ಟ್ರೀಯ ಸಮ್ಮೇಳನ ಬೆಂಗಳೂರಿನಲ್ಲಿಯೇ ನೆರೆಯಿತು. 2000ದ ಫೆಬ್ರವರಿ 1ರಿಂದ ಭಾರತದಲ್ಲೆಲ್ಲ ಸೀಸರಹಿತ ಪೆಟ್ರೋಲು ಬಂದಿತು. ಕೊನೆಯದಾಗಿ ಅಲ್ಜೀರಿಯ ದೇಶ ಅದನ್ನು ಕೈಬಿಟ್ಟದ್ದು 2021ರಲ್ಲಿ. ಒಂದು ಶತಮಾನ ಹಿಡಿಯಿತು! ಇಂಜಿನ್ನಿನ ಸದ್ದು ಅಡಗಿದ್ದೇನೋ ನಿಜ. ಅದರ ಬೆಲೆಯನ್ನು ತೆತ್ತವರು ಮಾತ್ರ ಮೋಟಾರನ್ನೇ ಏರದ ಮಕ್ಕಳು.

ಮಾದಾವರದ ಹೊಸ ಪೆಟ್ರೋಲು

ಸೀಸ ಹೋದ ಮೇಲೆ ಆಕ್ಟೇನ್ ಏರಿಸಲು ಒದಗಿದ ವಸ್ತುಗಳಲ್ಲಿ ಎಥೆನಾಲ್ ಒಂದು. ಕಬ್ಬಿನ ಕಾಕಂಬಿಯಿಂದಲೂ ಧಾನ್ಯದಿಂದಲೂ ತೆಗೆಯುವ ಮದ್ಯಸಾರವಿದು. ಭಾರತಕ್ಕೆ ಇದು ಹೊಸತೇನಲ್ಲ; ಪೆಟ್ರೋಲಿಗೆ ಮದ್ಯಸಾರ ಬೆರೆಸುವುದಕ್ಕೆ 1948ರಲ್ಲಿಯೇ ಕಾಯಿದೆಯಾಗಿತ್ತು. ನಾಗಸಂದ್ರದಿಂದ ಅನತಿದೂರದ ಮಾದಾವರದ ವಸ್ತುಪ್ರದರ್ಶನ ಕೇಂದ್ರದಲ್ಲಿ 2023ರ ಫೆಬ್ರವರಿ 6ರಂದು, ಶೇಕಡ 20 ಎಥೆನಾಲ್ ಬೆರೆತ ಇ-20 ಪೆಟ್ರೋಲಿನ ಮಾರಾಟಕ್ಕೆ ಪ್ರಧಾನಮಂತ್ರಿಗಳು ಚಾಲನೆಯಿತ್ತರು. ಮೊದಲ ಕಂತಿನಲ್ಲಿ ಅದು ದೊರೆತದ್ದು 84 ಬಂಕುಗಳಲ್ಲಿ.

ಎಥೆನಾಲಿಗೆ ಆಕ್ಟೇನ್ ಹೆಚ್ಚು. ಆದರೆ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿನ ಮೂರನೆಯ ಎರಡು ಭಾಗದಷ್ಟೇ. ಹೀಗಾಗಿ ಹಳೆಯ ಗಾಡಿಗಳಲ್ಲಿ ಮೈಲೇಜು ಸ್ವಲ್ಪ ಇಳಿಯುವುದು ಸಹಜ. ಎಥೆನಾಲು ನೀರನ್ನು ಹೀರುತ್ತದೆ. ಹಳೆಯ ರಬ್ಬರ್ ಕೊಳವೆಗಳಿಗೂ ಒಗ್ಗದು. ಈ ಭಯದಿಂದಲೂ ಸೀಸೆಗಳಿಗೆ ಗಿರಾಕಿಗಳುಂಟು. ತುಕ್ಕು ತಡೆಯುವ ದ್ರವ ಕೊಂಚ ನೆರವಾದೀತು. ಆದರೆ ಇಂಧನದಲ್ಲಿಲ್ಲದ ಶಕ್ತಿಯನ್ನು ಯಾವ ಸೀಸೆಯೂ ಸೃಷ್ಟಿಸಲಾರದು.

ಲಾರಿಯ ಎರಡನೆಯ ಟ್ಯಾಂಕು

ಹೊಸ ಲಾರಿಗಳಲ್ಲಿ ಸಾಮಾನ್ಯವಾಗಿ ಡೀಸೆಲ್ ಟ್ಯಾಂಕಿನ ಹತ್ತಿರ ನೀಲಿ ಮುಚ್ಚಳದ ಇನ್ನೊಂದು ಟ್ಯಾಂಕುಂಟು. ಅದಕ್ಕೆ ತುಂಬುವುದು ಶುದ್ಧ ನೀರಿನಲ್ಲಿ ಶೇಕಡ 32.5 ಯೂರಿಯ ಕರಗಿಸಿದ ದ್ರವ. ಅದನ್ನು ಡೀಸೆಲಿಗೆ ಬೆರೆಸುವಂತಿಲ್ಲ. ಹೊಗೆಕೊಳವೆಯಲ್ಲಿ ಅದು ಅಮೋನಿಯವಾಗಿ, ಹೊಗೆಯ ವಿಷಕಾರಿ ನೈಟ್ರೋಜನ್ ಆಕ್ಸೈಡುಗಳನ್ನು ನಿರಪಾಯಕರ ನೈಟ್ರೋಜನ್ನಾಗಿಯೂ ನೀರಾವಿಯಾಗಿಯೂ ಮಾರ್ಪಡಿಸುತ್ತದೆ. ಮೈಲೇಜಿನ ಆಸೆಯಿಂದ ಯಾರಾದರೂ ಅದನ್ನು ಡೀಸೆಲ್ ಟ್ಯಾಂಕಿಗೇ ಸುರಿದರೆ ಪಂಪು, ಇಂಜೆಕ್ಟರುಗಳು ಕೆಟ್ಟು ಭಾರಿ ವೆಚ್ಚ ಕಟ್ಟಿಟ್ಟದ್ದು. ಈ ದ್ರವ ಚಾಲಕನ ಜೇಬಿಗೆ ಲಾಭ ತರುವುದಲ್ಲ. ದಾರಿಬದಿಯ ಮನೆಗಳ ಉಸಿರನ್ನು ಕಾಯುವುದು.

ಹಾಗಾದರೆ ಸೀಸೆಯನ್ನು ಕೊಳ್ಳಬೇಕೆ, ಬೇಡವೆ? ವಾಹನದ ಕೈಪಿಡಿ ಹೇಳಿದ್ದರೆ ಅವಶ್ಯವಾಗಿ ಕೊಳ್ಳಬೇಕು. ಮಸಿ ಕಟ್ಟಿದ ಹಳೆಯ ಇಂಜಿನ್ನಿಗೆ ತೊಳೆಯುವ ದ್ರವದಿಂದ ಒಮ್ಮೊಮ್ಮೆ ಗುಣ ಕಂಡೀತು. ಆದರೆ ಟೈರಿನ ಗಾಳಿ ಇಳಿದಿದ್ದರೆ, ಏರ್ ಫಿಲ್ಟರಿನಲ್ಲಿ ಧೂಳು ತುಂಬಿದ್ದರೆ, ಇಂಜೆಕ್ಟರು ಸವೆದಿದ್ದರೆ, ಅಥವಾ ಇಂಧನದಲ್ಲಿ ಸೀಮೆಎಣ್ಣೆಯ ಕಲಬೆರಕೆಯಿದ್ದರೆ ಯಾವ ಟಾನಿಕ್ಕೂ ನಾಟದು. ಎರಡು ಸಲ ಟ್ಯಾಂಕು ತುಂಬಿಸಿ, ಓಡಿದ ಕಿಲೋಮೀಟರುಗಳನ್ನು ಬರೆದಿಟ್ಟು ಹೋಲಿಸಿದರೆ ಸೀಸೆಯ ಬಣ್ಣ ತಾನಾಗಿ ಬಯಲಾದೀತು. ಮಗುವಿಗೆ ಟಾನಿಕ್ಕು ಕುಡಿಸುವ ಮೊದಲು ಅದು ಊಟ ಮಾಡಿತೇ ಎಂದು ಕೇಳುವುದು ತಾಯಿಯ ಜಾಣತನ. ಇಂಜಿನ್ನಿನ ಯಜಮಾನನಿಗೂ ಅದೇ ಜಾಣತನ ಸಾಕು.